ಆಫ್ರಿಕಾದ ಪತ್ರಿಕೆಗಳಲ್ಲಿ ಜಪಾನಿಯರು

1942ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ ಬ್ರಿಟಿಷ್ ಸೈನ್ಯ ಜಪಾನಿಯರಿಗೆ ಶರಣಾಯಿತು. ಆಫ್ರಿಕಾದಲ್ಲಿ ಆಳುತ್ತಿದ್ದ ಸಾಹೇಬರಿಗೆ ಸೋಲಿನ ಜೊತೆ ಇನ್ನೊಂದು ಚಿಂತಿ ಹತ್ತಿತು: ಈ ಸುದ್ದಿ ಕರಿಯ ಜನರಿಗೆ ಹೆಂಗ ಹೇಳೋದು? ಬಿಳಿಯರನ್ನು ಬಿಳಿಯರಲ್ಲದವರೂ ಸೋಲಿಸಬಹುದು ಅಂತ ಗೊತ್ತಾದರೆ ಮುಂದೇನು?

ದಕ್ಷಿಣ ಆಫ್ರಿಕಾದಲ್ಲಿ ಕರಿಯ ಸೈನಿಕರ ಕೈಗೆ ಬಂದೂಕು ಕೊಡುತ್ತಿರಲಿಲ್ಲ, ಈಟಿ ಹಿಡಿದು ಕಾವಲು ನಿಲ್ಲಬೇಕಿತ್ತು. ಸಿಂಗಾಪುರ ಬಿದ್ದ ಮರು ತಿಂಗಳೇ ಪ್ರಧಾನಿ ಸ್ಮಟ್ಸ್, ಜಪಾನಿಯರು ಮೇಲೆ ಬಂದರೆ ಕರಿಯರಿಗೂ ಆಯುಧ ಕೊಡುತ್ತೇನೆ ಅಂತ ಪಾರ್ಲಿಮೆಂಟಿನಲ್ಲಿ ಹೇಳಿದರು. ಜಪಾನಿಯರು ಬರಲಿಲ್ಲ, ಬಂದೂಕೂ ಬರಲಿಲ್ಲ. (ನಮ್ಮ ಕಡೆಯೂ ಅದೇ ಆಟ. ಸೈನ್ಯಕ್ಕೆ ಲಾಯಕ್ಕಾದ ಜಾತಿಯಲ್ಲ ಅಂತ ಮಹಾರರ ಭರ್ತಿ ನಿಲ್ಲಿಸಿದ್ದ ಸರ್ಕಾರ, ಗರಜು ಬಿದ್ದಾಗ 1941ರಲ್ಲಿ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿತು.)

ಪೂರ್ವ ಆಫ್ರಿಕಾದವರಿಗೆ ಜಪಾನ್ ಹೊಸದಲ್ಲ. 1930ರ ದಶಕದಲ್ಲಿ ಅಲ್ಲಿನ ಬಡವರು ಪೇಟೆಯಲ್ಲಿ ಕೊಳ್ಳುತ್ತಿದ್ದ ಅಗ್ಗದ ಹತ್ತಿ ಬಟ್ಟೆ ಬಹಳಷ್ಟು ಜಪಾನಿನದೇ. ಈಗ ಆ ಜಪಾನಿಯನ್ನೇ ರಾಕ್ಷಸನಾಗಿ ತೋರಿಸಬೇಕಾಯಿತು. ಅದಕ್ಕೆ ಸ್ವಾಹಿಲಿ ಭಾಷೆಯಲ್ಲಿ ಸೈನಿಕರಿಗೆಂದೇ 'ಅಸ್ಕಾರಿ' ಪತ್ರಿಕೆ ಇತ್ತು. ಸಿಲೋನ್, ಬರ್ಮಾ ಕಡೆ ಹೋದವರಿಗೆ 'ಹೆಶಿಮಾ' ಇತ್ತು. ಹೆಶಿಮಾ ಅಂದರೆ ಮಾನ, ಮರ್ಯಾದೆ. ಇಂಥ ಪ್ರಚಾರದಲ್ಲಿ ಜಪಾನಿ ಅಂದರೆ ಕ್ರೂರಿ, ಮೋಸಗಾರ, ಮೃಗದಂಥವ, ಅನಾಗರಿಕ. ಸ್ವಾಹಿಲಿಯಲ್ಲಿ 'ಮ್ಶೆಂಜಿ' ಅಂತ ಬೈಗುಳವೊಂದಿದೆ, ಅನಾಗರಿಕ ಅಂತಲೇ ಅರ್ಥ. ಕರಾವಳಿಯವರು ಒಳನಾಡಿನವರಿಗೆ, ಬಿಳಿಯರು ಕರಿಯರಿಗೆ ಹಂಗ ಅನ್ನುತ್ತಿದ್ದರು. ಆ ಬೈಗುಳ ತಿಂದವರ ಕೈಗೇ ಪತ್ರಿಕೆ ಕೊಟ್ಟು, ಅನಾಗರಿಕ ಅವನು, ನೀವಲ್ಲ ಅಂದಂಗಾಯಿತು. ಒಂದು ಕೇರಿಯನ್ನು ಇನ್ನೊಂದು ಕೇರಿಯ ಮೇಲೆ ಎತ್ತಿಕಟ್ಟುವ ಗೌಡಕಿ ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಾಗೋಸಿನ 'ವೆಸ್ಟ್ ಆಫ್ರಿಕನ್ ಪೈಲಟ್' ಪತ್ರಿಕೆಯ ನ್ನಾಮ್ದಿ ಅಜಿಕಿವೆ ಮಾತ್ರ ಬ್ಯಾರೆ ಲೆಕ್ಕ ಹಾಕಿದರು. ಎಲ್ಲ ಜನಾಂಗಗಳಿಗೂ ತಮ್ಮ ಸರ್ಕಾರ ಆರಿಸಿಕೊಳ್ಳುವ ಹಕ್ಕಿದೆ ಅಂತ 1941ರ ಅಟ್ಲಾಂಟಿಕ್ ಸನ್ನದು ಹೇಳಿತ್ತು. ಅದು ಮುಖ್ಯವಾಗಿ ನಾಜಿಗಳ ಕೈಗೆ ಸಿಕ್ಕ ದೇಶಗಳಿಗೆ ಅಂತ ಚರ್ಚಿಲ್ ಜಾರಿಕೊಂಡರು. ಹಂಗಾದರೆ ಪಶ್ಚಿಮ ಆಫ್ರಿಕಾದ ಗತಿಯೇನು ಅಂತ ಕೇಳಿ ಅಜಿಕಿವೆ 1943ರಲ್ಲಿ ಮನವಿಪತ್ರವನ್ನೇ ಬರೆದರು.

1944ರ ಮಳೆಗಾಲದಲ್ಲಿ ಪೂರ್ವ ಆಫ್ರಿಕಾದ 11ನೇ ಡಿವಿಜನ್, ಕೆಸರು, ಮಲೇರಿಯಾ ಲೆಕ್ಕಿಸದೆ ಬರ್ಮಾದ ಕಬಾವ್ ಕಣಿವೆಯಲ್ಲಿ ಜಪಾನಿಯರನ್ನು ಹಿಂದಕ್ಕಟ್ಟುತ್ತ ಕಲೇವಾ ತನಕ ಹೋಯಿತು. 'ಹೆಶಿಮಾ' ಓದುವ ಸಿಪಾಯಿಗಳು ಕರಿಯರು. ಅವರ ಮೇಲಿನ ಅಧಿಕಾರಿಗಳು ಆಗಲೂ ಬಿಳಿಯರೇ.