ಸಂವತ್ಸರದ ಹೆಸರು ಹೊತ್ತ ಬರ

ಧಾತು, ಈಶ್ವರ ಎಂಬ ಅಕ್ಕಪಕ್ಕದ ಎರಡು ಸಂವತ್ಸರಗಳ ಹೆಸರು ಹಳೆ ಮೈಸೂರಿನ ಹಳ್ಳಿಗರ ಬಾಯಲ್ಲಿ ಒಂದು ಬರದ ಹೆಸರಾಗಿ ಉಳಿಯಿತು. 1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಮುಂಗಾರೂ ನಂಬಿದವರನ್ನು ಕಾಯಲಿಲ್ಲ. ಕೆರೆಗಳು ಬತ್ತಿದವು, ರಾಗಿ ಹೊಲದಲ್ಲೇ ಒಣಗಿತು.

ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಮದರಾಸಿನ ಕಡೆಯಿಂದ ಧಾನ್ಯ ತರಲು ದಾರಿಯಿತ್ತು. ಆದರೆ ನಿಲ್ದಾಣದಿಂದ ಒಳನಾಡಿನ ಹಳ್ಳಿಗೆ ಅದನ್ನು ಒಯ್ಯಬೇಕಾದದ್ದು ಎತ್ತಿನ ಗಾಡಿ. ಎತ್ತುಗಳೋ ಮೇವು ನೀರಿಲ್ಲದೆ ಸಾಯುತ್ತಿದ್ದವು. ಹೊಲದಲ್ಲಿ ಕೆಲಸವಿಲ್ಲದ ಕೂಲಿಯವನ ಕೈಯಲ್ಲಿ, ಏರಿದ ಬೆಲೆಗೆ ಕಾಳು ಕೊಳ್ಳುವಷ್ಟು ಕಾಸೂ ಇರಲಿಲ್ಲ. ಮಳೆ ತಪ್ಪಿದ್ದು ಆಕಾಶದಲ್ಲಿ. ಅನ್ನ ತಪ್ಪಿದ್ದು ಈ ದಾರಿಯಲ್ಲಿ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. 1881ರಲ್ಲಿ ಅದು 42 ಲಕ್ಷವನ್ನೂ ಮುಟ್ಟಲಿಲ್ಲ. ಸತ್ತವರು, ಊರು ಬಿಟ್ಟವರು, ಹುಟ್ಟದೇ ಹೋದ ಮಕ್ಕಳು, ಎಲ್ಲರೂ ಆ ವ್ಯತ್ಯಾಸದೊಳಗಿದ್ದಾರೆ.

ಬರಪರಿಹಾರದ ಕಾಮಗಾರಿಯಾಗಿ ಕೈಗೆತ್ತಿಕೊಂಡ ಬೆಂಗಳೂರು–ಮೈಸೂರು ರೈಲುಮಾರ್ಗ 1882ರಲ್ಲಿ ಮೈಸೂರು ತಲುಪಿತು. ಹೊಟ್ಟೆಗಿಲ್ಲದೆ ಬಂದವರು ಮಣ್ಣು ಹೊತ್ತು ಎತ್ತರಿಸಿದ ಆ ದಾರಿಯಲ್ಲಿ ನಾವು ಇಂದು ಕಿಟಕಿಯ ಪಕ್ಕ ಕುಳಿತು ಮದ್ದೂರು ವಡೆ ತಿನ್ನುತ್ತಾ ಸಾಗುತ್ತೇವೆ.