ಸಿಸ್ಟರ್ ಎಂಬ ಕರೆ

ಜನರಲ್ ವಾರ್ಡಿನಲ್ಲಿ ರೋಗಿಯ ಪಕ್ಕ ಒಂದು ರಾತ್ರಿ ಕೂತವರಿಗೆ ಗೊತ್ತು, ಅಲ್ಲಿ ಡಾಕ್ಟರ ಹೆಸರಿಗಿಂತ, ದೇವರ ಹೆಸರಿಗಿಂತ ಹೆಚ್ಚು ಸಲ ಕಿವಿಗೆ ಬೀಳುವುದು 'ಸಿಸ್ಟರ್' ಎಂಬ ಕೂಗು. 'ಸಿಸ್ಟರ್, ಬಾಟ್ಲು ಖಾಲಿ ಆಯ್ತು', 'ಸಿಸ್ಟರ್, ಸೂಜಿ ಹಾಕಿದ ಕಡೆ ಊದ್ಕೊಂಡಿದೆ', 'ಸಿಸ್ಟರ್, ಒಂದ್ಸಲ ಬಂದು ನೋಡ್ರಮ್ಮಾ'. ಕೂಗುವವರು ಗದ್ದೆಯಿಂದ ನೇರ ಎದ್ದು ಬಂದವರಿರಬಹುದು, ಇಂಗ್ಲಿಷಿನ ಒಂದಕ್ಷರ ಬಾರದ ಅಜ್ಜಿ ಇರಬಹುದು. ಅದು ಬೇರೆ ಭಾಷೆಯ ಮಾತು ಎಂಬ ನೆನಪೇ ಅವರಿಗಿಲ್ಲ. ಎಪ್ಪತ್ತು ದಾಟಿದ ಅಜ್ಜಿ ಇಪ್ಪತ್ತೆರಡರ ಹುಡುಗಿಯನ್ನು ಸಿಸ್ಟರ್ ಎನ್ನುತ್ತಾಳೆ, ಅದೇ ಉಸಿರಿನಲ್ಲಿ 'ನಿನ್ನ ಕೈಗುಣ ಚೆನ್ನಾಗಿದೆ ಕಣವ್ವಾ' ಎಂದೂ ಹೇಳುತ್ತಾಳೆ. ಗಂಡು ನರ್ಸ್ ಬಂದರೆ ಅವನು ಬ್ರದರ್.

ಈ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಗೆ ಬರವಿಲ್ಲ. ಪತ್ರಿಕೆಗಳು ಈಗಲೂ ದಾದಿ ಎಂದು ಬರೆಯುತ್ತವೆ. ಆದರೆ ಎದುರಿಗೆ ನಿಂತವಳನ್ನು ದಾದಿ ಎಂದು ಕರೆದವರನ್ನು ನಾನು ಕಂಡಿಲ್ಲ. ಉಳ್ಳವರ ಮನೆಯಲ್ಲಿ ಮಗುವಿಗೆ ಹಾಲೂಡಿಸಿ ಸಾಕಿದವಳು ದಾದಿ. ಆ ಹೆಸರಿಗೆ ಊಳಿಗದ ವಾಸನೆ ಅಂಟಿಕೊಂಡೇ ಇದೆ. ಹಳ್ಳಿಗಳಲ್ಲಿ ಮನೆಮನೆಗೆ ಬಂದು ಬಾಣಂತಿಯನ್ನೂ ಕೂಸನ್ನೂ ನೋಡಿ ಹೋಗುವವಳು ನರ್ಸಮ್ಮ, ಅದರಲ್ಲಿ ಸಲಿಗೆಯೂ ಇದೆ ಮರ್ಯಾದೆಯೂ ಇದೆ. ಸರ್ಕಾರಿ ಕಡತದಲ್ಲಿ ಅವಳು ಶುಶ್ರೂಷಕಿ, ಈಚಿನ ವರ್ಷಗಳಲ್ಲಿ ಶುಶ್ರೂಷಾಧಿಕಾರಿ. ಇಷ್ಟೆಲ್ಲ ಇದ್ದೂ ನೋವು ಬಂದಾಗ ಬಾಯಿಗೆ ಬರುವುದು ಸಿಸ್ಟರ್ ಒಂದೇ. ಕಾನ್ವೆಂಟಿನ ಸನ್ಯಾಸಿನಿಯೂ ಸಿಸ್ಟರೇ. ಕನ್ನಡ ಕ್ರೈಸ್ತರು ಬರೆಯುವಾಗ ಧರ್ಮಭಗಿನಿ ಎನ್ನುತ್ತಾರೆ, ಕರೆಯುವಾಗ ಅವರೂ ಸಿಸ್ಟರ್ ಎಂದೇ ಕರೆಯುತ್ತಾರೆ. ವ್ರತ ತೊಟ್ಟವಳಿಗೂ ತಿಂಗಳ ಸಂಬಳದವಳಿಗೂ ಒಂದೇ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಮೊದಲ ಕ್ರೈಸ್ತರು ತಮ್ಮೊಳಗೆ ಎಲ್ಲರನ್ನೂ ಅಣ್ಣತಮ್ಮ, ಅಕ್ಕತಂಗಿ ಎಂದೇ ಕರೆದುಕೊಂಡರು. ಬೈಬಲ್ಲಿನಲ್ಲಿರುವ, ಪೌಲನು ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಆತ ಕೆಂಕ್ರೆಯ ಊರಿನ ಫೊಯಿಬೆ ಎಂಬ ಹೆಂಗಸಿನ ಪರಿಚಯ ಮಾಡಿಕೊಡುತ್ತಾನೆ: ಆಕೆ ಸಹೋದರಿ, ಆ ಊರಿನ ಸಭೆಯ ಸೇವಕಿ. ಸಂಬಂಧದ ಹೆಸರೂ ಸೇವೆಯ ಹೆಸರೂ ಆಗಲೇ ಒಬ್ಬಳ ಮೇಲೆ ಒಟ್ಟಿಗೆ ಕೂತಿದ್ದವು. ಆಮೇಲೆ ಶತಮಾನಗಳು ಕಳೆದಂತೆ ಸಹೋದರಿಯರು ಮಠದ ಗೋಡೆಯೊಳಗೆ ಸೇರಿದರು. 1563ರಲ್ಲಿ ಕಥೋಲಿಕ ಚರ್ಚಿನ ಟ್ರೆಂಟ್ ಮಹಾಸಭೆಯಂತೂ ಸನ್ಯಾಸಿನಿಯರು ಗೋಡೆ ದಾಟಿ ಹೊರಬರಕೂಡದು ಎಂಬ ಕಟ್ಟಳೆಯನ್ನು ಬಿಗಿ ಮಾಡಿತು. ಒಳಗೆ ಪ್ರಾರ್ಥನೆ ನಡೆಯುತ್ತಿತ್ತು, ಹೊರಗೆ ಬೀದಿಯಲ್ಲಿ ಪ್ಲೇಗು, ಹಸಿವು.

ಆ ಗೋಡೆಯನ್ನು ದಾಟಿದವರಲ್ಲಿ ನನಗೆ ಬಲು ಇಷ್ಟವಾದವಳು ಒಬ್ಬ ದನಗಾಹಿ. ಪ್ಯಾರಿಸ್ ಹತ್ತಿರದ ಸುರೇನ್ ಹಳ್ಳಿಯ ಮಾರ್ಗರೀತ್ ನಾಸೋ. ದನ ಮೇಯಿಸುತ್ತಲೇ, ದಾರಿಯಲ್ಲಿ ಹೋಗುವ ಓದುಬಲ್ಲವರನ್ನು ತಡೆದು ಒಂದೊಂದೇ ಅಕ್ಷರ ಕೇಳಿ ಕಲಿತಳು. ಕಲಿತದ್ದನ್ನು ಊರೂರು ತಿರುಗಿ ಬಡ ಹುಡುಗಿಯರಿಗೆ ಕಲಿಸಿದಳು. ವಿನ್ಸೆಂಟ್ ದ ಪಾಲ್ ಎಂಬ ಪಾದ್ರಿ ಬಡರೋಗಿಗಳಿಗೆ ನೆರವಾಗುವ ಹೆಂಗಸರ ಗುಂಪು ಕಟ್ಟುತ್ತಿದ್ದಾಗ ಈಕೆ ತಾನಾಗಿ ಬಂದು ನಿಂತಳು. ಆ ಗುಂಪಿನಲ್ಲಿದ್ದ ದೊಡ್ಡ ಮನೆತನದ ಹೆಂಗಸರಿಗೆ ದಯೆಯಿತ್ತು, ಆದರೆ ಗಂಜಿಯ ಪಾತ್ರೆ ಹೊತ್ತು ಕೊಳಕು ಓಣಿ ಹೊಕ್ಕು, ಮಲಮೂತ್ರ ಬಳಿದು, ಹಾಸಿಗೆ ಬದಲಿಸುವುದು ಅವರಿಂದ ಆಗುತ್ತಿರಲಿಲ್ಲ. ಆ ಕೆಲಸಕ್ಕೆ ಹಳ್ಳಿಯ ಹುಡುಗಿಯರು ಬಂದರು. 1633ರಲ್ಲಿ ಮಾರ್ಗರೀತ್ ಪ್ಲೇಗು ತಗುಲಿದ ಹೆಂಗಸೊಬ್ಬಳನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡಳು, ಅದೇ ರೋಗದಲ್ಲಿ ಸತ್ತಳು. ಅದೇ ವರ್ಷದ ಕೊನೆಗೆ ವಿನ್ಸೆಂಟ್ ಮತ್ತು ಲೂಯಿಸ್ ದ ಮಾರಿಯಾಕ್ ಎಂಬಾಕೆ ಸೇರಿ ಆ ಹುಡುಗಿಯರ ಸಂಘವನ್ನು ಕಟ್ಟಿದರು. ಅವರನ್ನು ಸನ್ಯಾಸಿನಿಯರು ಎಂದು ಕರೆಯಲು ವಿನ್ಸೆಂಟ್ ಬಿಡಲಿಲ್ಲ; ಹಾಗೆ ಕರೆದರೆ ಕಾನೂನು ಅವರನ್ನು ಮತ್ತೆ ಗೋಡೆಯೊಳಗೆ ತಳ್ಳುತ್ತಿತ್ತು. ಪ್ರಾರ್ಥನೆಯ ನಡುವೆ ಬಡವನೊಬ್ಬ ಬಾಗಿಲು ತಟ್ಟಿದರೆ ಪ್ರಾರ್ಥನೆ ಬಿಟ್ಟು ಏಳಿ, ಅಲ್ಲಿಯೂ ದೇವರೇ ಕಾಯುತ್ತಿರುತ್ತಾನೆ ಎಂದು ಆತ ಅವರಿಗೆ ಹೇಳಿಕೊಟ್ಟ. ಹಸಿದವನಿಗೆ, ರೋಗಿಗೆ, ಸೆರೆಯಲ್ಲಿರುವವನಿಗೆ ಮಾಡಿದ್ದು ನನಗೇ ಮಾಡಿದ್ದು ಎಂಬ ಯೇಸುವಿನ ಮಾತನ್ನು ಅಕ್ಷರಶಃ ನಂಬಿದವರು ಇವರು. ಹಾಗೆ ನಂಬದೆ ಇದ್ದರೆ ಪ್ಲೇಗಿನ ರೋಗಿಯನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಯಾರಿಂದಲೂ ಆಗುವುದಿಲ್ಲ ಎಂದೇ ನನ್ನ ಭಾವನೆ.

ಇಂಗ್ಲೆಂಡಿನಲ್ಲಿ ಈ ಹೆಸರು ಬದುಕಿದ ಬಗೆ ಇನ್ನೊಂದು. ದೊರೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಸನ್ಯಾಸಿನಿಯರು ಹೋದರು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಹೆಂಗಸರಿಗೆ ಸಿಸ್ಟರ್ ಎಂಬ ಹೆಸರು ಮಾತ್ರ ಉಳಿಯಿತು. 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಊರಿನಲ್ಲಿ ಪಾದ್ರಿ ಫ್ಲೀಡ್ನರ್ ದಂಪತಿ ಪ್ರೊಟೆಸ್ಟೆಂಟ್ ಹೆಣ್ಣುಮಕ್ಕಳಿಗೆ ಶುಶ್ರೂಷೆ ಕಲಿಸುವ ಮನೆ ತೆರೆದರು. 1851ರಲ್ಲಿ ಅಲ್ಲಿಗೆ ಹೋಗಿ ಕಲಿತವಳು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಆಕೆ ಕ್ರಿಮಿಯ ಯುದ್ಧಕ್ಕೆ ಕರೆದೊಯ್ದ 38 ಮಂದಿಯಲ್ಲಿ 24 ಮಂದಿ ಧಾರ್ಮಿಕ ಸಂಘಗಳಿಂದ ಬಂದವರು. ಆಧುನಿಕ ನರ್ಸಿಂಗ್ ಹುಟ್ಟಿದ್ದು ಅಲ್ಲಿ ಎನ್ನುವಾಗ ಈ ಲೆಕ್ಕವನ್ನು ನಾವು ಮರೆತೇಬಿಡುತ್ತೇವೆ.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಹಳೆಯದೊಂದು ವೃದ್ಧಾಶ್ರಮವಿದೆ, 1900ರಲ್ಲಿ ಶುರುವಾದದ್ದು. ನಡೆಸುವವರು 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್'. ಈ ಸಂಘದ ಮೊದಲ ಕಥೆಯಲ್ಲೂ ಒಂದು ಹಾಸಿಗೆ ಬರುತ್ತದೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸೇಂಟ್ ಸರ್ವಾನ್ ಊರು, 1839ರ ಚಳಿಗಾಲ. ಮನೆಗೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಜಾನ್ ಜುಗಾನ್ ಎಂಬವಳಿಗೆ ಆಗ 47 ವರ್ಷ. ಕಣ್ಣು ಕಾಣದ, ಅರ್ಧ ಮೈ ಸ್ವಾಧೀನವಿಲ್ಲದ ಆನ್ ಶೋವಾಂ ಎಂಬ ಮುದುಕಿಯನ್ನು ಆಕೆ ಹೊತ್ತುಕೊಂಡು ತನ್ನ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿಸಿದಳು, ತನ್ನ ಮಂಚ ಬಿಟ್ಟುಕೊಟ್ಟಳು, ತಾನು ಅಟ್ಟಕ್ಕೆ ಹೋಗಿ ಮಲಗಿದಳು. ಒಬ್ಬರ ಹಿಂದೆ ಇನ್ನೊಬ್ಬರು ಬಂದರು. ಎಲ್ಲರ ಹೊಟ್ಟೆಗಾಗಿ ಬುಟ್ಟಿ ಹಿಡಿದು ಮನೆಮನೆ ಬೇಡಿದಳು. 1865ರಲ್ಲಿ ಸಂಘಕ್ಕೆ ಖಾಯಂ ವರಮಾನದ ಆಸ್ತಿಯ ಮಾತು ಬಂದಾಗ ಬೇಡವೆಂದರು. ಅಂದಂದಿನದು ಅಂದಂದಿಗೆ, ಜನ ಕೊಟ್ಟದ್ದರಲ್ಲಿ. ಆ ಪದ್ಧತಿ ಈಗಲೂ ಇದೆ.

ಈ ಕಥೆಯಲ್ಲಿ ಕಹಿಯೂ ಇದೆ, ಅದನ್ನು ಮುಚ್ಚಿಡಬಾರದು. ಸಂಘದ ಮೇಲ್ವಿಚಾರಣೆಗೆ ಬಂದ ಪಾದ್ರಿಯೇ ಜಾನಳನ್ನು ಹಿರಿತನದಿಂದ ಇಳಿಸಿ, ಸ್ಥಾಪಕನೆಂಬ ಹೆಸರನ್ನು ತಾನು ಇಟ್ಟುಕೊಂಡ. ಬದುಕಿನ ಕೊನೆಯ 27 ವರ್ಷ ಆಕೆ ಸಂಘದ ಮನೆಯ ಮೂಲೆಯಲ್ಲಿ ಸಾಮಾನ್ಯ ಸಿಸ್ಟರ್ ಆಗಿದ್ದಳು. ಪಕ್ಕದಲ್ಲಿ ಕೂತು ಉಣ್ಣುವ ಎಳೆಯ ಹುಡುಗಿಯರಿಗೆ ಈ ಮುದುಕಿಯೇ ಎಲ್ಲವನ್ನೂ ಶುರುಮಾಡಿದವಳು ಎಂದು ತಿಳಿದಿರಲಿಲ್ಲ. 1879ರಲ್ಲಿ ತೀರಿಕೊಂಡಳು. ಸತ್ಯ ಹೊರಬಂದದ್ದು ಆಮೇಲೆ. 2009ರಲ್ಲಿ ಸಂತಳೆಂದು ಸಾರಿದರು.

ನಮ್ಮ ನಾಡಿಗೆ ಈ ಹೆಸರು ಹಲವು ದಾರಿಗಳಿಂದ ಬಂತು. ಗುಡ್ ಶೆಫರ್ಡ್ ಸಂಘದ ಸಿಸ್ಟರುಗಳು ಬೆಂಗಳೂರಿಗೆ ಬಂದದ್ದು 1854ರಲ್ಲಿ; 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ನೆಲೆ ಮಾಡಿಕೊಟ್ಟರು. ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯನ್ನು ಆ ಸೀಮೆಯ ಜನ ಜರ್ಮನ್ ಆಸ್ಪತ್ರೆ ಎನ್ನುತ್ತಾರೆ. ಉಡುಪಿಯಲ್ಲಿ 1923ರಲ್ಲಿ ಡಾ. ಇವಾ ಲೊಂಬಾರ್ಡ್ ಕಟ್ಟಿದ್ದು ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ.

ಆಸ್ಪತ್ರೆ ಕಟ್ಟುವುದು ಒಂದು, ವಾರ್ಡಿನಲ್ಲಿ ಕೈಹಚ್ಚುವವರು ಸಿಗುವುದು ಇನ್ನೊಂದು. ಕೀವು, ರಕ್ತ, ಹೇಲು, ಹೆಣ ಇವೆಲ್ಲ ಮೈಲಿಗೆ. ಯಾರ ಮೈಯನ್ನು ಯಾರು ಮುಟ್ಟಬಹುದು ಎಂಬುದನ್ನು ಜಾತಿ ತೀರ್ಮಾನಿಸಿಬಿಟ್ಟಿದ್ದ ಸಮಾಜ ನಮ್ಮದು. ರಾತ್ರಿ ಪಾಳಿಯಲ್ಲಿ, ಅಪರಿಚಿತ ಗಂಡಸರ ನಡುವೆ, ಮದುವೆಯಾಗದ ಹುಡುಗಿ ಕೆಲಸ ಮಾಡುವುದೆಂದರೆ ಮನೆತನದ ಮಾನ ಹೋದಂತೆ. ಹಾಗಾಗಿ ನರ್ಸಿಂಗಿಗೆ ಮೊದಮೊದಲು ಬಂದವರಲ್ಲಿ ಕ್ರೈಸ್ತ ಹುಡುಗಿಯರೇ ಬಹಳ ಮಂದಿ. ಕೇರಳದಿಂದ, ನಮ್ಮ ಕರಾವಳಿಯಿಂದ, ಮಿಷನ್ನಿನ ಅನಾಥಾಲಯಗಳಲ್ಲಿ ಬೆಳೆದವರು. ಅವರನ್ನು ಸಿಸ್ಟರ್ ಎಂದು ಕರೆದಾಗ ಆ ಕರೆ ಒಂದು ಉಪಕಾರ ಮಾಡಿತು. ಜಾತಿ ಗೊತ್ತಿಲ್ಲದ ಹೆಣ್ಣು ಗಂಡಸಿನ ಮೈ ಒರೆಸುವಾಗ ಇಬ್ಬರ ಮುಜುಗರವನ್ನೂ ಆ ಸಂಬಂಧದ ಹೆಸರು ಕಳೆಯಿತು. ಅಕ್ಕ ಮುಟ್ಟಿದರೆ ಮೈಲಿಗೆಯಿಲ್ಲ, ತಂಗಿಯ ಮೇಲೆ ಕೆಟ್ಟ ಕಣ್ಣು ಹಾಕುವಂತಿಲ್ಲ. ಇಂದು ಲಿಂಗಾಯತರ, ಒಕ್ಕಲಿಗರ, ದಲಿತರ, ಮುಸಲ್ಮಾನರ ಮನೆಯ ಹುಡುಗಿಯರೂ ಸಿಸ್ಟರುಗಳೇ. ಮತದ ಅಂಗಿ ಕಳಚಿಟ್ಟರೂ ಈ ಕರೆಯೊಳಗಿನ ಮುಟ್ಟುವ ಧೈರ್ಯ ಕಳಚಲಿಲ್ಲ. ಕ್ರೈಸ್ತ ನಂಬಿಕೆ ನಮಗೆ ಕೊಟ್ಟದ್ದರಲ್ಲಿ ಇದನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಚರ್ಚಿಗೇ ಈ ಮುಟ್ಟುವಿಕೆ ಒಪ್ಪಿಗೆಯಾಗಲು ಕಾಲ ಹಿಡಿಯಿತು. ಸನ್ಯಾಸಿನಿಯರು ವೈದ್ಯರಾಗಿ, ಹೆರಿಗೆ ಮಾಡಿಸುವವರಾಗಿ ಕೆಲಸ ಮಾಡಲು ರೋಮ್ ಪೂರ್ತಿ ಒಪ್ಪಿದ್ದು 1936ರಲ್ಲಿ. ಅದಕ್ಕೂ ಮುಂಚೆ ವಿಶೇಷ ಅನುಮತಿ ಪಡೆದು ಬಂದವಳು ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ. ಗಂಡು ವೈದ್ಯರ ಬಳಿ ಹೋಗಲಾರದೆ ಭಾರತದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಾರೆ ಎಂಬುದನ್ನು ಮೆಲ್ಬರ್ನಿನಲ್ಲಿ ಒಂದು ಕಿರುಹೊತ್ತಗೆಯಿಂದ ತಿಳಿದು, 1920ರಲ್ಲಿ ನಡೆಯುತ್ತಿದ್ದ ವೈದ್ಯವೃತ್ತಿ ಬಿಟ್ಟು ಗುಂಟೂರಿಗೆ ಬಂದು ಸಿಸ್ಟರ್ ಆದಳು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘಟನೆಗೆ ಅಡಿಪಾಯ ಹಾಕಿದಳು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕು ಎಂಬುದು ಆಕೆಯ ಕನಸಾಗಿತ್ತು. 1957ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡಳು. 1963ರಲ್ಲಿ ಅದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಶುರುವಾಯಿತು.

ಇಲ್ಲಿಯವರೆಗೆ ಹೇಳಿದ ಸಂಘಗಳ ಸಿಸ್ಟರುಗಳೆಲ್ಲ ಬಡತನವನ್ನು ತಾವಾಗಿ ಆರಿಸಿಕೊಂಡವರು. ಅವರ ಉಡುಗೆ ತೊಡುಗೆಯಲ್ಲೂ ಅದು ಕಾಣುತ್ತದೆ: ಮದರ್ ತೆರೇಸಾ ಸಂಘದವರು ಉಡುವ ನೀಲಿ ಅಂಚಿನ ಬಿಳಿ ಸೀರೆಯನ್ನು ಕೋಲ್ಕತ್ತ ಹತ್ತಿರದ ಟೀಟಾಗಢದಲ್ಲಿ ಕುಷ್ಠರೋಗದಿಂದ ನೊಂದವರೇ ನೇಯುತ್ತಾರೆ. ಸಿಸ್ಟರ್ ಎಂಬ ಹೆಸರಿಗೆ ತೂಕ ಬಂದದ್ದು ಈ ವ್ರತದಿಂದ. ನನ್ನ ತಕರಾರು ಇರುವುದೂ ಇಲ್ಲಿಯೇ. ಹೆಸರು ಕಾನ್ವೆಂಟಿನಿಂದ ವಾರ್ಡಿಗೆ ಬರುವಾಗ ತನ್ನ ಹಿಂದೆ ಆ ವ್ರತವನ್ನೂ ಎಳೆದು ತಂದಿತು. ಸನ್ಯಾಸಿನಿ ಸಂಬಳ ಕೇಳುವುದಿಲ್ಲ, ಆದ್ದರಿಂದ ಸಿಸ್ಟರ್ ಎಂದು ಕರೆಸಿಕೊಳ್ಳುವ ಎಲ್ಲರೂ ಕಡಿಮೆಗೆ ದುಡಿಯಬೇಕು ಎಂಬ ಯೋಚನೆ ಯಾರೂ ಬಾಯಿಬಿಟ್ಟು ಹೇಳದೆಯೇ ನೆಲೆಯೂರಿತು. ಓದಿಗೆ ಮಾಡಿದ ಸಾಲ ತೀರಿಸಬೇಕಾದ ಹುಡುಗಿಗೆ 'ಇದು ಸೇವೆ ಕಣಮ್ಮಾ' ಎಂದು ಬುದ್ಧಿ ಹೇಳುತ್ತಾರೆ. ಸೇವೆ ಅನ್ನುವುದು ಮಾರ್ಗರೀತಳ ಹಾಸಿಗೆಯ ಹಾಗೆ. ಇರುವವಳು ತಾನಾಗಿ ಬಿಟ್ಟುಕೊಡಬಹುದು, ಬೇರೆಯವರು ಬಂದು ಅವಳಿಂದ ಕಿತ್ತುಕೊಂಡರೆ ಅದಕ್ಕೆ ಆ ಹೆಸರಿಲ್ಲ.

2011-12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು ಸಂಬಳಕ್ಕಾಗಿ ಮುಷ್ಕರ ಹೂಡಿದಾಗ ಅದರಲ್ಲಿ ಚರ್ಚಿನ ಆಸ್ಪತ್ರೆಗಳೂ ಸೇರಿದ್ದವು. ಆಡಳಿತದ ಕಡೆಗೂ ಸಿಸ್ಟರುಗಳು, ಗೇಟಿನ ಹೊರಗೂ ಸಿಸ್ಟರುಗಳು. ಹೊರಗೆ ನಿಂತವರು ನಂಬಿಕೆಗೆ ದ್ರೋಹ ಮಾಡಿದರು ಎಂದವರಿದ್ದರು. ನಾನು ಒಪ್ಪುವುದಿಲ್ಲ. ಕೂಲಿಯಾಳಿನ ಕೂಲಿಯನ್ನು ತಡೆಹಿಡಿಯುವವರ ಮೇಲೆ ಬೈಬಲ್ಲಿನಲ್ಲಿ ಯಾಕೋಬನ ಪತ್ರ ಎಷ್ಟು ಸಿಟ್ಟಾಗುತ್ತದೆ ಎಂಬುದನ್ನು ಓದಿದವರು ಗೇಟಿನ ಹೊರಗಿದ್ದವರ ಪರವಾಗಿಯೇ ಮಾತಾಡಬೇಕು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2016ರಲ್ಲಿ ಸಮಿತಿಯೊಂದು ಚಿಕ್ಕ ಖಾಸಗಿ ಆಸ್ಪತ್ರೆಗಳಲ್ಲೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ಜಾರಿ ಮಾಡುವ ಹೊಣೆ ರಾಜ್ಯಗಳ ಪಾಲಿಗೆ ಬಂತು.

ಈಗ ಮಂಗಳೂರು, ಬೆಂಗಳೂರುಗಳಲ್ಲಿ ಕಲಿತ ಹುಡುಗಿಯರು ಜರ್ಮನ್ ಕಲಿಯುತ್ತಾರೆ, ಇಂಗ್ಲಿಷ್ ಪರೀಕ್ಷೆ ಬರೆಯುತ್ತಾರೆ, ಒಂದು ಕಾಲದಲ್ಲಿ ಮಿಷನ್ನಿನವರು ಹೊರಟು ಬಂದ ನಾಡುಗಳಿಗೇ ಹೋಗುತ್ತಾರೆ. ಬ್ರಿಟನ್ನಿನ ಆಸ್ಪತ್ರೆಯಲ್ಲಿ ಸಿಸ್ಟರ್ ಎಂಬುದು ಇಂದಿಗೂ ಒಂದು ಹುದ್ದೆ, ವಾರ್ಡಿನ ಹೊಣೆ ಹೊತ್ತವಳ ಹುದ್ದೆ. ಇಲ್ಲಿ ಕಾಲೇಜಿನ ಬಿಳಿ ಕೋಟು ತೊಟ್ಟ ದಿನದಿಂದಲೇ ಸಿಸ್ಟರ್ ಎನಿಸಿಕೊಂಡ ಹುಡುಗಿ ಅಲ್ಲಿ ಹೋಗಿ ಇಳಿದಾಗ ಬರೀ ಸ್ಟಾಫ್ ನರ್ಸ್. ಕೆಲವು ವರ್ಷ ದುಡಿದು, ಅರ್ಜಿ ಹಾಕಿ, ಸಂದರ್ಶನದಲ್ಲಿ ಗೆದ್ದ ಮೇಲೆ ಅವಳು ಸಿಸ್ಟರ್ ಆಗುತ್ತಾಳೆ, ಅದೇ ದಿನ ಅವಳ ಸಂಬಳದ ಶ್ರೇಣಿಯೂ ಏರುತ್ತದೆ.