ಬೆನ್ನುನೋವು: ಮೊಬೈಲ್‌ನಲ್ಲಿ ಏನು ಹುಡುಕಬೇಕು, ಯಾವುದನ್ನು ನಂಬಬಾರದು?

‘ಬೆಲ್ಟ್ ಕಟ್ಟಿಕೊಳ್ಳಿ, ಬಗ್ಗಲೇಬೇಡಿ, ಹಾಸಿಗೆಯಿಂದ ಏಳಬೇಡಿ’, ‘ಈ ಪುಡಿ ತಿಂದರೆ ಏಳೇ ದಿನದಲ್ಲಿ ಡಿಸ್ಕ್ ಸರಿಹೋಗುತ್ತದೆ’ – ಇಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಲೇ ಇರುತ್ತವೆ. ಹಾಗಾದರೆ ನೋವಿಗೆ ಇಂಟರ್‌ನೆಟ್ ನೋಡುವುದೇ ತಪ್ಪಾ? ಖಂಡಿತ ಅಲ್ಲ. ಯಾವುದಕ್ಕೆ ನೋಡುತ್ತೇವೆ ಎಂಬುದು ಮುಖ್ಯ.

ದೀರ್ಘಕಾಲದ ನೋವು ಎಂದರೇನು?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮತ್ತೆ ಮತ್ತೆ ಬರುವ ನೋವನ್ನು ವೈದ್ಯರು ಹೀಗೆ ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. ನೋವು ಹಳೆಯದಾದಂತೆ ನರಮಂಡಲವೇ ಸೂಕ್ಷ್ಮವಾಗಿಬಿಡಬಹುದು. ಹಾಗಾಗಿ ನೋವು ಹೆಚ್ಚಾಯಿತೆಂದರೆ ಮೂಳೆ ಸವೆದಿದೆ ಎಂದೇ ಅರ್ಥವಲ್ಲ.

ಎಂಆರ್‌ಐ ರಿಪೋರ್ಟ್ ಗೂಗಲ್ ಮಾಡಬಹುದೇ?

ರಿಪೋರ್ಟ್‌ನಲ್ಲಿರುವ ‘ಡಿಸ್ಕ್ ಸವೆತ’ ಎಂಬ ಪದವನ್ನು ಹುಡುಕಿ ಗಾಬರಿಯಾಗುವವರು ಬಹಳ. ಆದರೆ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಂತೆ, ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಈ ಸವೆತ ಕಾಣುತ್ತದೆ: 20ರ ವಯಸ್ಸಿನವರಲ್ಲಿ ಶೇ 37, 80ರವರಲ್ಲಿ ಶೇ 96. ತಲೆಗೂದಲು ನರೆಯುವ ಹಾಗೆ ಇದೂ ಬಹುಮಟ್ಟಿಗೆ ವಯಸ್ಸಿನ ಗುರುತು. ರಿಪೋರ್ಟ್‌ನ ಅರ್ಥ ತಿಳಿಯಬೇಕಾದರೆ ವೈದ್ಯರು ನಿಮ್ಮನ್ನೂ ಪರೀಕ್ಷಿಸಬೇಕು.

ಬೆಲ್ಟ್, ವಿಶ್ರಾಂತಿಯಿಂದ ವಾಸಿಯಾಗುತ್ತದೆಯೇ?

ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಡಿಸೆಂಬರ್ 2023ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ಹೇಳುವುದು ವ್ಯಾಯಾಮ, ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ, ಅಗತ್ಯವಿದ್ದರೆ ಮಾನಸಿಕ ನೆರವು. ಸೊಂಟದ ಬೆಲ್ಟ್, ಟ್ರ್ಯಾಕ್ಷನ್‌ಗಳನ್ನು ಅದು ಶಿಫಾರಸು ಮಾಡುವುದಿಲ್ಲ.

ನಡಿಗೆಯೂ ಮದ್ದೇ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್ ಸಲಹೆಯಂತೆ ನಿಧಾನವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಹಿಡಿದ ಮಧ್ಯಮ ಅವಧಿ 208 ದಿನ. ಉಳಿದವರಿಗೆ 112 ದಿನ.

ಮೊಬೈಲ್ ಹೇಗೆ ನೆರವಾಗುತ್ತದೆ?

• ಕೇಂದ್ರ ಸರ್ಕಾರದ ಇ-ಸಂಜೀವಿನಿಯಲ್ಲಿ ವೈದ್ಯರ ಸಲಹೆ ಉಚಿತವಾಗಿ ಸಿಗುತ್ತದೆ.
• ಫಿಸಿಯೋಥೆರಪಿಸ್ಟ್ ವ್ಯಾಯಾಮ ತೋರಿಸುವಾಗ ಅವರ ಅನುಮತಿ ಪಡೆದು ವಿಡಿಯೋ ಮಾಡಿಕೊಳ್ಳಿ. ಮನೆಯಲ್ಲಿ ಅದನ್ನೇ ನೋಡಿ ಮಾಡಿ.
• ಕುಳಿತೇ ಕೆಲಸ ಮಾಡುವವರು ಆಗಾಗ ಎದ್ದು ಓಡಾಡಲು ಅಲಾರಂ ಇಟ್ಟುಕೊಳ್ಳಿ.
• ನೋವು ಯಾವಾಗ ಹೆಚ್ಚುತ್ತದೆ, ನಿದ್ದೆ ಹೇಗಿದೆ ಎಂದು ಬರೆದಿಡಿ. ವೈದ್ಯರಿಗೆ ಉಪಯೋಗವಾಗುತ್ತದೆ.

ಹೆಸರು, ಬ್ಯಾಚ್ ಸಂಖ್ಯೆ ಇಲ್ಲದ ಪುಡಿ, ಮಾತ್ರೆಗಳನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಮೆಡಿಕಲ್ ಶಾಪ್‌ನ ನೋವಿನ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ದಿನಾ ನುಂಗಿದರೆ ಹೊಟ್ಟೆಹುಣ್ಣು, ಕಿಡ್ನಿಗೆ ತೊಂದರೆ ಆಗಬಹುದು.

ಯಾವಾಗ ತಡಮಾಡಬಾರದು?

ಮಲ, ಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಬೇಗ ವೈದ್ಯರಿಗೆ ತೋರಿಸಿ.

ಬೆನ್ನುನೋವಿನ ಸಂದೇಶ ಬಂದರೆ, ‘ಅಲುಗಾಡಬೇಡಿ’ ಎಂದು ಹೆದರಿಸುತ್ತಿದೆಯೇ, ಏನನ್ನಾದರೂ ಮಾರುತ್ತಿದೆಯೇ ನೋಡಿ. ಎರಡರಲ್ಲಿ ಒಂದಿದ್ದರೂ ಅದನ್ನು ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿ ನಿಮ್ಮ ಮನೆಯ ಹಿರಿಯರೇ ಹಾಸಿಗೆ ಹಿಡಿಯಬಹುದು.